ಮನೆಯಲ್ಲಿ ದಡಾರ ಬಂದರೆ: ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಐಸೊಲೇಶನ್ ಮಾಹಿತಿ

2020ರ ಮಾರ್ಚಿನಲ್ಲಿ ಕರ್ನಾಟಕದಲ್ಲಿ ಹೋಮ್ ಕ್ವಾರಂಟೈನ್ ಆದವರ ಕೈಗೆ ಸೀಲು ಒತ್ತುತ್ತಿದ್ದರು, ಬಾಗಿಲಿಗೆ ನೋಟಿಸ್ ಅಂಟಿಸುತ್ತಿದ್ದರು, ಗಂಟೆಗೊಂದು ಸೆಲ್ಫಿ ಕಳಿಸಿ ಅಂತ ಆ್ಯಪ್ ಬೇರೆ. ಅದನ್ನು ನೋಡಿದವರಿಗೆ ಇಂಗ್ಲೆಂಡಿನ ವ್ಯವಸ್ಥೆ ವಿಚಿತ್ರ ಅನ್ನಿಸುತ್ತದೆ. ಇಲ್ಲಿ ಬಾಗಿಲು ಬಡಿಯುವವರು ಯಾರೂ ಇಲ್ಲ. ಒಂದು ಫೋನ್ ಬರುತ್ತದೆ, ಒಂದು ಇಮೇಲ್ ಬರುತ್ತದೆ, ಅಷ್ಟೇ. ಉಳಿದದ್ದೆಲ್ಲ ನಿಮ್ಮ ಹತ್ತಿರ ಇರುವ ಕಾಗದ ಮತ್ತು ನೀವು ಮಾಡುವ ಫೋನಿನ ಮೇಲೆ ನಿಂತಿದೆ.

ಈಗ ಜಾಸ್ತಿ ಕೇಳಿಬರುತ್ತಿರುವುದು ದಡಾರ, ಅಂದರೆ ಮೀಸಲ್ಸ್. 2024ರಲ್ಲಿ ಇಂಗ್ಲೆಂಡಿನಲ್ಲಿ ಲ್ಯಾಬ್‌ನಲ್ಲಿ ಖಚಿತವಾದ ಪ್ರಕರಣಗಳೇ 2,911. 2012ರ ನಂತರ ಒಂದು ವರ್ಷದಲ್ಲಿ ಇಷ್ಟು ಕಂಡಿರಲಿಲ್ಲ. ಆ ವರ್ಷದ ಆರಂಭದಲ್ಲಿ ಬರ್ಮಿಂಗ್‌ಹ್ಯಾಮ್, ಆಮೇಲೆ ಲಂಡನ್ ಹೀಗೆ ಹರಡಿತು. ನಮ್ಮವರು ಜಾಸ್ತಿ ಇರುವ ಊರುಗಳೇ ಇವು, ಅಲ್ವಾ?

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಮನೆಯಲ್ಲೇ ಇರದಿದ್ದರೆ ದಂಡ ಹಾಕುತ್ತಾರಾ? ಕೋವಿಡ್ ಕಾಲದಲ್ಲಿ ಹಾಕುತ್ತಿದ್ದರು. 2020ರ ಸೆಪ್ಟೆಂಬರ್ 28ರಿಂದ ಅದು ಕಾನೂನಾಗಿತ್ತು, ದಂಡ 1,000 ಪೌಂಡಿನಿಂದ ಶುರು. 2022ರ ಫೆಬ್ರವರಿ 24ಕ್ಕೆ ಆ ಕಾನೂನು ಹೋಯಿತು. ಕಡಿಮೆ ಸಂಬಳದವರಿಗೆ ಕೊಡುತ್ತಿದ್ದ 500 ಪೌಂಡಿನ ಸಹಾಯವೂ ಈಗಿಲ್ಲ. ದಡಾರಕ್ಕೆ ಈಗ ಇರುವುದು ಸಲಹೆ ಮಾತ್ರ. ತೀರಾ ಅಪರೂಪಕ್ಕೆ, ಯಾರಾದರೂ ಬೇಕಂತಲೇ ಬೇರೆಯವರಿಗೆ ಅಪಾಯ ತರುತ್ತಿದ್ದರೆ, 1984ರ ಸಾರ್ವಜನಿಕ ಆರೋಗ್ಯ ಕಾಯ್ದೆಯಡಿ ಕೌನ್ಸಿಲ್ ಕೋರ್ಟಿನಿಂದ ಆದೇಶ ತರಬಹುದು. ಸಾಮಾನ್ಯ ಮನೆಗಳಿಗೆ ಅದರ ಚಿಂತೆ ಬೇಡ.

ಮಗುವಿಗೆ ಜ್ವರ, ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪಾಗುವುದು, ಆಮೇಲೆ ಕಿವಿಯ ಹಿಂದೆ, ಮುಖದ ಮೇಲೆ ಶುರುವಾಗಿ ಮೈಗೆ ಇಳಿಯುವ ಗುಳ್ಳೆ. ಇಷ್ಟು ಕಂಡರೆ ಜಿಪಿ ಸರ್ಜರಿಗೆ, ಅಂದರೆ ನಿಮ್ಮ ಡಾಕ್ಟರ ಕ್ಲಿನಿಕ್ಕಿಗೆ, ನೇರವಾಗಿ ನುಗ್ಗಬೇಡಿ. ಮೊದಲು ಫೋನ್ ಮಾಡಿ, 'ಮೀಸಲ್ಸ್ ಇರಬಹುದು' ಅಂತ ಅದೇ ಪದ ಬಳಸಿ ಹೇಳಿ. ಆಗ ಅವರು ನಿಮ್ಮನ್ನು ಬೇರೆ ಬಾಗಿಲಿನಿಂದಲೋ, ಎಲ್ಲರೂ ಹೋದ ಮೇಲೋ ಕರೆಸಿಕೊಳ್ಳುತ್ತಾರೆ. ರೋಗಿ ಎದ್ದುಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೆ ಉಳಿಯಬಹುದು. ವೇಟಿಂಗ್ ರೂಮಿನಲ್ಲಿ ಬಸುರಿಯರೂ ಕೂಸುಗಳೂ ಇರುತ್ತಾರೆ.

ಜಿಪಿ ಸಿಗದಿದ್ದರೆ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆಯ ಸಹಾಯವಾಣಿ 111. ಐದು ವರ್ಷದೊಳಗಿನ ಮಕ್ಕಳಿಗೆ 111ರ ವೆಬ್‌ಸೈಟ್ ನಡೆಯುವುದಿಲ್ಲ, ಫೋನೇ ಮಾಡಬೇಕು. ಊರಿಂದ ಬಂದ ಅತ್ತೆಗೋ ಅಮ್ಮನಿಗೋ ಹುಷಾರಿಲ್ಲ, ಇಂಗ್ಲಿಷ್ ಬರುವುದಿಲ್ಲ ಅಂತಾದರೆ ದುಭಾಷಿ ಬೇಕು ಎಂದು ಕೇಳಿ, ದುಡ್ಡು ಕೊಡಬೇಕಿಲ್ಲ. ಭಾಷೆ 'ಕನ್ನಡ' ಅಂತ ಬಿಡಿಸಿ ಹೇಳಿ. ಸುಮ್ನೆ 'ಇಂಡಿಯನ್' ಅಂದರೆ ಹಿಂದಿಯವರನ್ನು ಲೈನಿಗೆ ತರುತ್ತಾರೆ. ಉಸಿರಾಟಕ್ಕೆ ಕಷ್ಟ, ಫಿಟ್ಸ್, ಎಬ್ಬಿಸಿದರೂ ಏಳದಷ್ಟು ಮಂಪರು: ಇವುಗಳಲ್ಲಿ ಯಾವುದಿದ್ದರೂ ತುರ್ತು ಸೇವೆಯ ನಂಬರ್ 999.

ಡಾಕ್ಟರಿಗೆ ಅನುಮಾನ ಬಂದರೆ ಸಾಕು, ಅವರು ಯುಕೆಎಚ್‌ಎಸ್‌ಎ ಎಂಬ ಸರ್ಕಾರಿ ಸಂಸ್ಥೆಯ ಸ್ಥಳೀಯ ಹೆಲ್ತ್ ಪ್ರೊಟೆಕ್ಷನ್ ಟೀಮಿಗೆ ತಿಳಿಸಲೇಬೇಕು. ಅಲ್ಲಿಂದ ನಿಮಗೆ ಫೋನ್ ಬರುತ್ತದೆ. ಕಳೆದ ಕೆಲವು ದಿನ ಎಲ್ಲೆಲ್ಲಿ ಹೋಗಿದ್ದಿರಿ, ಯಾರ ಜೊತೆ ಇದ್ದಿರಿ ಅಂತ ಕೇಳುತ್ತಾರೆ. ಗುಳ್ಳೆ ಕಾಣುವ ನಾಲ್ಕು ದಿನ ಮೊದಲೇ ರೋಗ ಹರಡಲು ಶುರುವಾಗಿರುತ್ತದೆ. ಹಾಗಾಗಿ ಶನಿವಾರದ ಕನ್ನಡ ಕ್ಲಾಸು, ಶಾಲೆಯ ಹಾಲ್ ಬಾಡಿಗೆ ಹಿಡಿದು ಮಾಡಿದ ಯುಗಾದಿ ಕಾರ್ಯಕ್ರಮ, ದೇವಸ್ಥಾನ, ಯಾರದೋ ಮನೆಯ ಸತ್ಯನಾರಾಯಣ ಪೂಜೆ, ಎಲ್ಲ ಹೇಳಿ. 'ಅವರಿಗೆ ಬೇಜಾರಾಗುತ್ತೆ' ಅಂತ ಮುಚ್ಚಿಡಬೇಡಿ. ಆ ಪೂಜೆಗೆ ಬಂದಿದ್ದ ಬಸುರಿಗೆ ಸಮಯಕ್ಕೆ ಸರಿಯಾಗಿ ರಕ್ಷಣೆ ಸಿಗುವುದು ಈ ಪಟ್ಟಿಯಿಂದಲೇ. ನಿಮ್ಮ ಹೆಸರನ್ನು ಅವರು ಊರಿಗೆಲ್ಲ ಸಾರುವುದಿಲ್ಲ. ದುಡ್ಡು, ಬ್ಯಾಂಕ್ ವಿವರ ಕೇಳಿದವರು ಮಾತ್ರ ಖಂಡಿತ ಮೋಸಗಾರರು, ಫೋನ್ ಇಟ್ಟುಬಿಡಿ.

ಪೋಸ್ಟಿನಲ್ಲಿ ಒಂದು ಕಿಟ್ ಬರಬಹುದು. ರಕ್ತ ತೆಗೆಯುವುದೇನಿಲ್ಲ. ಕಡ್ಡಿಯ ತುದಿಗೆ ಸ್ಪಂಜ್ ಇರುತ್ತದೆ. ಅದನ್ನು ಹಲ್ಲುಜ್ಜಿದ ಹಾಗೆ ವಸಡಿನುದ್ದಕ್ಕೂ ಸುಮಾರು ಒಂದು ನಿಮಿಷ ಉಜ್ಜಿ, ಸ್ಪಂಜ್ ಒದ್ದೆಯಾದ ಮೇಲೆ ಟ್ಯೂಬಿಗೆ ಹಾಕಿ, ಅವರೇ ಕೊಟ್ಟ ಕವರಿನಲ್ಲಿ ವಾಪಸ್ ಕಳಿಸುವುದು. ಮೂರು ವರ್ಷದ ಮಗು ಬಾಯಿ ಬಿಡದೆ ಹಟ ಮಾಡಿದರೆ ಸ್ನಾನದ ಹೊತ್ತಿಗೆ ಪ್ರಯತ್ನಿಸಿ.

ಇನ್ನು ಎಷ್ಟು ದಿನ? ಕಾಯಿಲೆ ಬಂದವರು ಗುಳ್ಳೆ ಕಂಡ ದಿನ ಬಿಟ್ಟು ಪೂರ್ತಿ ನಾಲ್ಕು ದಿನ ಮನೆಯಲ್ಲಿರಬೇಕು. ಸೋಮವಾರ ಗುಳ್ಳೆ ಬಂದರೆ ಶುಕ್ರವಾರದ ತನಕ ಮನೆ, ಮೈ ಹುಷಾರಾಗಿದ್ದರೆ ಶನಿವಾರ ಹೊರಗೆ. ಇಷ್ಟು ಸುಲಭ. ಕಷ್ಟ ಇರುವುದು ಕಾಯಿಲೆ ಬಾರದ ಅಣ್ಣನಿಗೋ ತಂಗಿಗೋ. ಎರಡು ಡೋಸ್ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಆಗಿದೆ ಅಂತ ದಾಖಲೆ ಇದ್ದರೆ ಅವರು ಮರುದಿನವೇ ಶಾಲೆಗೆ ಹೋಗಬಹುದು. ಇಲ್ಲದಿದ್ದರೆ 21 ದಿನದವರೆಗೆ ಮನೆಯಲ್ಲಿ ಇರಿಸಿಕೊಳ್ಳಿ ಅನ್ನಬಹುದು. ಮೂರು ವಾರ! ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದೇನು ಅಂತ ಹೇಳಬೇಕಿಲ್ಲ.

ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಲಸಿಕೆ ಹಾಕಿಸಿರುತ್ತೇವೆ, ಆದರೆ ಇಲ್ಲಿನ ಲೆಕ್ಕಕ್ಕೆ ಅದು ಬರುವುದಿಲ್ಲ. ಕರ್ನಾಟಕದ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವುದು ಎಂಆರ್, ಅದರಲ್ಲಿ ಮಂಗನಬಾವಿನ ಲಸಿಕೆ ಇಲ್ಲ. ಮೊದಲ ಡೋಸ್ ಒಂಬತ್ತು ತಿಂಗಳಿಗೇ ಹಾಕುತ್ತಾರೆ. ಬೆಂಗಳೂರಿನ ಖಾಸಗಿ ಮಕ್ಕಳ ಡಾಕ್ಟರು ಎಂಎಂಆರ್ ಕೊಟ್ಟರೂ ಮೊದಲನೆಯದು ಸಾಮಾನ್ಯವಾಗಿ ಒಂಬತ್ತು ತಿಂಗಳಿಗೇ. ಇಂಗ್ಲೆಂಡಿನಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಹಾಕಿದ ಡೋಸನ್ನು ಎಣಿಸುವುದಿಲ್ಲ. ಕಾರ್ಡಿನಲ್ಲಿ ಎರಡು ಸೀಲು ಇದ್ದರೂ ಇಲ್ಲಿ ಅದು ಒಂದೇ. ನರ್ಸ್ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಇನ್ನೊಂದು ಡೋಸ್ ಹಾಕಿಸಿಕೊಂಡರೆ ತೊಂದರೆಯೂ ಇಲ್ಲ, ಖರ್ಚೂ ಇಲ್ಲ.

ಆದ್ದರಿಂದ ಕಾಯಿಲೆ ಬರುವ ಮುಂಚೆಯೇ ಒಂದು ಕೆಲಸ ಮಾಡಿ. ತಾಯಿ ಕಾರ್ಡ್ ಇಲ್ಲವೇ ಲಸಿಕೆ ಪುಸ್ತಕ ಊರಿನ ಬೀರುವಿನಲ್ಲಿದ್ದರೆ ಫೋಟೋ ತರಿಸಿಕೊಳ್ಳಿ. ತಾರೀಖುಗಳನ್ನು ಇಂಗ್ಲಿಷಿನಲ್ಲಿ ಬರೆದು ಜಿಪಿಗೆ ಕೊಟ್ಟು, ದಾಖಲೆಗೆ ಸೇರಿಸಿದ್ದಾರಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ದೊಡ್ಡವರಿಗೂ ಎಂಎಂಆರ್ ಉಚಿತ, ವಯಸ್ಸಿನ ಮಿತಿ ಇಲ್ಲ. ಸಸ್ಯಾಹಾರಿಗಳಿಗೆ ಒಂದು ಮಾತು: ಎಂಎಂಆರ್‌ನ ಎರಡು ಬ್ರ್ಯಾಂಡುಗಳಲ್ಲಿ ಒಂದರಲ್ಲಿ ಹಂದಿಯ ಜೆಲಟಿನ್ ಇದೆ, ಪ್ರಯೊರಿಕ್ಸ್‌ನಲ್ಲಿ ಇಲ್ಲ. ಅದೇ ಬೇಕು ಅಂತ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ. ಈ ಪ್ರಶ್ನೆ ಅವರಿಗೆ ಹೊಸದಲ್ಲ.

ಶಾಲೆಯಲ್ಲೋ ನರ್ಸರಿಯಲ್ಲೋ ದಡಾರದವರ ಜೊತೆ ಮಗು ಇತ್ತು ಅಂತ ಗೊತ್ತಾದರೆ, 72 ಗಂಟೆಯೊಳಗೆ ಎಂಎಂಆರ್ ಹಾಕಿಸಿದರೆ ಕಾಯಿಲೆ ತಡೆಯುವ ಸಾಧ್ಯತೆ ಇದೆ. ಬಸುರಿಯರಿಗೆ ಈ ಲಸಿಕೆ ಕೊಡುವುದಿಲ್ಲ. ಅವರು ಅದೇ ದಿನ ಮಿಡ್‌ವೈಫ್‌ಗೆ ಫೋನ್ ಮಾಡಬೇಕು. ಒಂದು ವರ್ಷದೊಳಗಿನ ಕೂಸು, ಕೀಮೋ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೂ ತಡ ಮಾಡದೆ ತಿಳಿಸಿ.

ಮನೆಯೊಳಗೆ ಏನು ಮಾಡಬೇಕು? ಬೇರೆ ರೂಮು, ಬೇರೆ ತಟ್ಟೆ ಅಂತ ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಗಾಳಿಯಲ್ಲಿ ಹರಡುವ ಕಾಯಿಲೆಗೆ ಅದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೇ. ಗುಳ್ಳೆ ಕಾಣುವ ಹೊತ್ತಿಗೆ ಮನೆಯವರೆಲ್ಲರೂ ಅದೇ ಗಾಳಿಯಲ್ಲಿ ಕೆಲವು ದಿನ ಕಳೆದಾಗಿರುತ್ತದೆ. ಕಿಟಕಿ ತೆಗೆಯಿರಿ, ಹೊರಗಿನವರನ್ನು ಕರೆಯಬೇಡಿ. ನಮ್ಮ ಕಡೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದದ್ದು ಇದಕ್ಕೂ ಅನುಕೂಲವಾಗಿತ್ತು. ಅದನ್ನು ಕಂಡವರು ಒಳಗೆ ಬರುತ್ತಿರಲಿಲ್ಲ. ಒಗ್ಗರಣೆ ಹಾಕಬೇಡ ಅಂತ ಅಜ್ಜಿ ಫೋನಿನಲ್ಲಿ ಹೇಳಿದರೆ ಹಾಕದೇ ಇರಿ, ನಷ್ಟವಿಲ್ಲ. ಔಷಧಿ ಕೊಡಬೇಡ ಅಂದರೆ ಮಾತ್ರ ಕೇಳಬೇಡಿ.

ಔಷಧಿ ಅಂದರೆ ಹೆಚ್ಚಾಗಿ ಪ್ಯಾರಾಸಿಟಮಾಲ್, ನೀರು, ಗಂಜಿ, ನಿದ್ದೆ. ವೈರಸ್ ಕಾಯಿಲೆಗೆ ಇಲ್ಲಿ ಆಂಟಿಬಯಾಟಿಕ್ ಬರೆಯುವುದಿಲ್ಲ, ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಪ್ಯಾರಾಸಿಟಮಾಲ್ ಒಮ್ಮೆಗೆ 16ರ ಎರಡು ಪ್ಯಾಕಿಗಿಂತ ಜಾಸ್ತಿ ಕೊಡುವುದಿಲ್ಲ, ಹಾಗಾಗಿ ಮೊದಲೇ ಮನೆಯಲ್ಲಿ ಇಟ್ಟುಕೊಂಡಿರಿ. ಸೂಟ್‌ಕೇಸಿನಲ್ಲಿ ಬಂದ ಡೋಲೋ 650 ಇದ್ದರೆ ಲೆಕ್ಕ ತಪ್ಪಬೇಡಿ. ಇಲ್ಲಿನ ಮಾತ್ರೆ 500 ಮಿಲಿಗ್ರಾಂ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು. ಬಿಸಿನೀರಿಗೆ ಹಾಕಿ ಕುಡಿಯುವ ಲೆಮ್‌ಸಿಪ್‌ನಲ್ಲೂ ಅದೇ ಪ್ಯಾರಾಸಿಟಮಾಲ್ ಇದೆ. ಮಕ್ಕಳಿಗೆ ಬಾಟಲಿಯ ಮೇಲಿನ ವಯಸ್ಸು ನೋಡಿಯೇ ಕೊಡಿ. 16ರೊಳಗಿನವರಿಗೆ ಆಸ್ಪಿರಿನ್ ಬೇಡ.

ಶಾಲೆಗೆ ಪ್ರತಿದಿನ ಬೆಳಿಗ್ಗೆ ಫೋನ್ ಇಲ್ಲವೇ ಆ್ಯಪ್ ಮೂಲಕ ತಿಳಿಸಿ. ಕಾಯಿಲೆಯ ರಜೆಗೆ 80 ಪೌಂಡಿನ ದಂಡ ಇಲ್ಲ. ಆ ದಂಡ ಇರುವುದು ಟರ್ಮ್ ನಡುವೆ ಮೈಸೂರಿಗೆ ಹಾರುವವರಿಗೆ.

ನಿಮಗೇ ಕಾಯಿಲೆಯಾದರೆ ಮೊದಲ ಏಳು ದಿನಕ್ಕೆ ಡಾಕ್ಟರ ಚೀಟಿ ಬೇಡ, ನೀವೇ ಬರೆದುಕೊಟ್ಟರೆ ಸಾಕು. ಆ ಏಳರಲ್ಲಿ ಶನಿವಾರ, ಭಾನುವಾರವೂ ಸೇರಿರುತ್ತದೆ. ಎಂಟನೇ ದಿನದಿಂದ ಫಿಟ್ ನೋಟ್, ಅಂದರೆ ಕಾಯಿಲೆಯ ರಜೆಗೆ ಕೊಡುವ ಚೀಟಿ, ಬೇಕು, ಅದಕ್ಕೆ ದುಡ್ಡಿಲ್ಲ. ಕಂಪನಿಯ ಸಿಕ್ ಪೇ ಇಲ್ಲದವರಿಗೆ ಕಾನೂನಿನ ಎಸ್‌ಎಸ್‌ಪಿ (ಸ್ಟ್ಯಾಚುಟರಿ ಸಿಕ್ ಪೇ) ಇದೆ. ವಾರಕ್ಕೆ ಹೆಚ್ಚೆಂದರೆ 120 ಪೌಂಡಿನ ಆಸುಪಾಸು, 28 ವಾರದವರೆಗೆ. 2026ರ ಏಪ್ರಿಲ್‌ನಿಂದ ಅದು ಮೊದಲ ದಿನದಿಂದಲೇ ಸಿಗುತ್ತದೆ. ಮೊದಲಾದರೆ ಮೂರು ದಿನ ಕಾಯಬೇಕಿತ್ತು. ಮಗುವನ್ನು ನೋಡಿಕೊಳ್ಳಲು ಹಾಕುವ ರಜೆಗೆ ಎಸ್‌ಎಸ್‌ಪಿ ಇಲ್ಲ. ತುರ್ತಿಗೆ ಸಂಬಳವಿಲ್ಲದ ರಜೆ ಕೇಳುವ ಹಕ್ಕು ಇದೆ, ಸೇರಿದ ಮೊದಲ ದಿನದಿಂದಲೇ. 21 ದಿನಕ್ಕೆ ಅದನ್ನು ಎಳೆಯಲು ಆಗುವುದಿಲ್ಲ. ವರ್ಕ್ ಫ್ರಮ್ ಹೋಮ್, ವಾರ್ಷಿಕ ರಜೆ ಸೇರಿಸಿ ಮ್ಯಾನೇಜರ್ ಜೊತೆ ಮಾತಾಡಿಕೊಳ್ಳಬೇಕು.

ವೀಸಾದ ಭಯ ಎಲ್ಲರಿಗೂ. ಎಸ್‌ಎಸ್‌ಪಿಯಾಗಲಿ ಎನ್‌ಎಚ್‌ಎಸ್ ಚಿಕಿತ್ಸೆಯಾಗಲಿ 'ಪಬ್ಲಿಕ್ ಫಂಡ್ಸ್', ಅಂದರೆ ವೀಸಾದಲ್ಲಿರುವವರು ತೆಗೆದುಕೊಳ್ಳಬಾರದ ಸರ್ಕಾರಿ ನೆರವುಗಳ, ಪಟ್ಟಿಯಲ್ಲಿ ಇಲ್ಲ, ತೆಗೆದುಕೊಂಡರೆ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಧಕ್ಕೆಯಿಲ್ಲ. ವರ್ಷಕ್ಕೆ ನಾಲ್ಕು ವಾರಕ್ಕಿಂತ ಜಾಸ್ತಿ ಸಂಬಳವಿಲ್ಲದ ರಜೆ ಇರಬಾರದು ಎಂಬ ನಿಯಮದಲ್ಲೂ ಸ್ವಂತ ಕಾಯಿಲೆಯ ರಜೆಗೆ ವಿನಾಯಿತಿ ಇದೆ. ವಿಸಿಟ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಆಸ್ಪತ್ರೆಯ ಬಿಲ್ ಬರುತ್ತದೆ ನಿಜ, ಆದರೆ ದಡಾರ, ಟಿಬಿಯಂಥ ಕೆಲವು ಸೋಂಕುಗಳ ಪರೀಕ್ಷೆ ಮತ್ತು ಚಿಕಿತ್ಸೆ ಅವರಿಗೂ ಉಚಿತ. ಬಿಲ್ಲಿಗೆ ಹೆದರಿ ಅವರನ್ನು ಮನೆಯಲ್ಲೇ ನರಳಿಸಬೇಡಿ.

ಬೆಂಗಳೂರಿಗೆ ಟಿಕೆಟ್ ಬುಕ್ ಆಗಿದೆಯಾ? ಕಾಯಿಲೆ ಇದ್ದವರು, ಗುಳ್ಳೆ ಕಂಡ ದಿನವೂ ಸೇರಿ, ಆ ಐದು ದಿನ ವಿಮಾನ ಹತ್ತುವಂತಿಲ್ಲ. ಲಸಿಕೆಯಿಲ್ಲದೆ 21 ದಿನದಲ್ಲಿರುವವರು ಹೆಲ್ತ್ ಪ್ರೊಟೆಕ್ಷನ್ ಟೀಮಿನವರನ್ನು ಕೇಳಿಯೇ ನಿರ್ಧರಿಸಬೇಕು. ಟಿಕೆಟ್ ಬದಲಿಸಲು ಏರ್‌ಲೈನ್ ಡಾಕ್ಟರ ಪತ್ರ ಕೇಳಿದರೆ ಅದು ಫಿಟ್ ನೋಟ್ ಅಲ್ಲ, ಖಾಸಗಿ ಪತ್ರ. ಜಿಪಿ ಅದಕ್ಕೆ ಶುಲ್ಕ ಹಾಕಬಹುದು, ಕೈಗೆ ಸಿಗಲು ಕೆಲವು ದಿನವೂ ಹಿಡಿಯಬಹುದು. ಹೆಲ್ತ್ ಪ್ರೊಟೆಕ್ಷನ್ ಟೀಮಿನಿಂದ ಬಂದ ಇಮೇಲ್ ಇದ್ದರೆ ಮೊದಲು ಅದನ್ನೇ ಕಳಿಸಿ ನೋಡಿ.