ಮನೆ ಟ್ರಿಯರ್‌ನಲ್ಲಿ, ಕೆಲಸ ಲಕ್ಸೆಂಬರ್ಗ್‌ನಲ್ಲಿ: ನನ್ನ ಅನುಭವ

ನಾನು ಇರುವುದು ಜರ್ಮನಿಯ ಟ್ರಿಯರ್‌ನಲ್ಲಿ. ಕೆಲಸಕ್ಕೆ ಹೋಗುವುದು ಗಡಿಯಾಚೆಯ ಲಕ್ಸೆಂಬರ್ಗ್‌ಗೆ. ಹೀಗೆ ಜರ್ಮನಿ, ಫ್ರಾನ್ಸ್, ಬೆಲ್ಜಿಯಂ ಕಡೆಯಿಂದ ಆ ಪುಟ್ಟ ದೇಶಕ್ಕೆ ದುಡಿಯಲು ಬರುವವರು 2 ಲಕ್ಷಕ್ಕೂ ಜಾಸ್ತಿ. ಅಲ್ಲಿನ ನೌಕರರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ನಾವೇ. ಈಚೆಗೆ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಇದರ ಬಗ್ಗೆ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಎಚ್ಚರಿಕೆ. ನಾನು ಈ ಕೆಲಸಕ್ಕೆ ಸೇರಿದ್ದು ಜರ್ಮನ್ ಪೌರತ್ವ ಸಿಕ್ಕ ಮೇಲೆ. ಭಾರತದ ಪಾಸ್‌ಪೋರ್ಟ್ ಮತ್ತು ಜರ್ಮನಿಯಲ್ಲಿ ಇದ್ದು ಕೆಲಸ ಮಾಡಲು ಕೊಡುವ ಬ್ಲೂ ಕಾರ್ಡ್ ಇದೆ ಎಂದು ಸುಮ್ನೆ ಹೋಗಿ ಸೇರುವಂತಿಲ್ಲ. ಲಕ್ಸೆಂಬರ್ಗ್ ಕೊಡುವ ಕೆಲಸದ ಪರವಾನಗಿ ಬೇರೆಯೇ ಬೇಕು. ಜರ್ಮನಿಯ ಕೆಲಸ ಬಿಟ್ಟರೆ ಆ ಬ್ಲೂ ಕಾರ್ಡ್‌ಗೂ ತೊಂದರೆ ಬರಬಹುದು. ಆಫರ್‌ಗೆ ಸಹಿ ಹಾಕುವ ಮುಂಚೆಯೇ ಎರಡೂ ಕಡೆ ವಿಚಾರಿಸಿ.

ನಮ್ಮಂಥವರ ಹಕ್ಕುಗಳ ಬುಡ ಯುರೋಪಿಯನ್ ಒಕ್ಕೂಟದ 883/2004 ಎಂಬ ನಿಯಮ. ಎಲ್ಲಿ ದುಡಿಯುತ್ತೀರೋ ಅಲ್ಲಿಯ ಸಾಮಾಜಿಕ ವಿಮೆ ನಿಮಗೆ. ವರ್ಷಕ್ಕೆ 26 ದಿನ ರಜೆ, ಬೆಲೆ ಏರಿದಾಗ ತಾನಾಗಿ 2.5 ಶೇಕಡಾ ಏರುವ ಸಂಬಳ, ತಾಯಿಗೂ ತಂದೆಗೂ ಪೋಷಕರ ರಜೆ, ಇವೆಲ್ಲ ಅಲ್ಲೇ ವಾಸಿಸುವವರಿಗೆ ಇರುವಂತೆಯೇ ನಮಗೂ ಇವೆ. ಆದರೆ ಒಂದು ದೇಶದ ಕಚೇರಿಯಿಂದ ಇನ್ನೊಂದಕ್ಕೆ ಕಾಗದ ತಾನಾಗಿ ತಲುಪುತ್ತದೆ ಎಂದು ನಂಬಿ ಕೂರಬಾರದು. ಪ್ರತಿಯೊಂದನ್ನೂ ನಾನೇ ಬೆನ್ನು ಹತ್ತಿ ಮಾಡಿಸಿದ್ದೇನೆ.

ಕೆಲಸಕ್ಕೆ ಸೇರಿದ ಕೂಡಲೇ 13 ಅಂಕಿಯ ನೋಂದಣಿ ಸಂಖ್ಯೆ ಬರುತ್ತದೆ. ಮುಂದಿನದಕ್ಕೆಲ್ಲ ಅದೇ ಕೀಲಿ. ಅಲ್ಲಿನ ಆರೋಗ್ಯ ವಿಮಾ ನಿಧಿ ಸಿಎನ್‌ಎಸ್‌ನಿಂದ ಎಸ್1 ಎಂಬ ಫಾರ್ಮ್ ಪಡೆದೆ. ಟ್ರಿಯರ್‌ನ ವಿಮಾ ಸಂಸ್ಥೆಗೆ ಅದನ್ನು ಕೊಟ್ಟೆ. ವಿಮೆಯ ಹಣ ಕಟ್ಟುವುದು ಲಕ್ಸೆಂಬರ್ಗ್‌ಗೆ ಮಾತ್ರ, ಚಿಕಿತ್ಸೆ ಮಾತ್ರ ಎರಡೂ ಕಡೆ ಸಿಗುತ್ತದೆ.

ಹುಷಾರು ತಪ್ಪಿದಾಗ ಜಾಗ್ರತೆ ಬೇಕು. ಮೊದಲ ದಿನವೇ ಕಂಪನಿಗೆ ತಿಳಿಸಬೇಕು, ಮೂರನೇ ದಿನದೊಳಗೆ ಡಾಕ್ಟರ್ ಸರ್ಟಿಫಿಕೇಟ್ ಕಂಪನಿಗೂ ಸಿಎನ್‌ಎಸ್‌ಗೂ ಕಳಿಸಬೇಕು. ಜರ್ಮನಿಯಲ್ಲಿ ಈಗ ಸರ್ಟಿಫಿಕೇಟ್ ಡಿಜಿಟಲ್. ಹಾಗಾಗಿ ಕ್ಲಿನಿಕ್‌ನವರು, ಕಾಗದ ಬೇಡ, ನಾವೇ ಕಳಿಸಿದ್ದೇವೆ ಎನ್ನುತ್ತಾರೆ. ಅದು ಹೋಗುವುದು ಜರ್ಮನಿಯ ವಿಮಾ ಸಂಸ್ಥೆಗೆ. ನಾನು ಪ್ರತಿ ಸಲ ಪ್ರಿಂಟ್ ಕೇಳಿ ಪಡೆದೇ ಹೊರಗೆ ಬರುತ್ತೇನೆ.

ಮಕ್ಕಳ ಭತ್ಯೆ ಇನ್ನೊಂದು ದೊಡ್ಡ ವಿಷಯ. ನನ್ನ ಯಜಮಾನರು ಜರ್ಮನಿಯಲ್ಲೇ ಕೆಲಸ ಮಾಡುತ್ತಾರೆ. ಹಾಗಿದ್ದಾಗ ಮಕ್ಕಳಿರುವ ದೇಶ, ಅಂದರೆ ಜರ್ಮನಿ, ಮೊದಲು ಕಿಂಡರ್‌ಗೆಲ್ಡ್ ಎಂಬ ತನ್ನ ಮಕ್ಕಳ ಭತ್ಯೆ ಕೊಡುತ್ತದೆ. ಲಕ್ಸೆಂಬರ್ಗ್‌ನ ಭತ್ಯೆ ಅದಕ್ಕಿಂತ ಜಾಸ್ತಿ. ನಡುವಿನ ವ್ಯತ್ಯಾಸವನ್ನು ಲಕ್ಸೆಂಬರ್ಗ್ ತುಂಬಿಕೊಡುತ್ತದೆ. ಕೆಲಸ ಗಡಿಯಾಚೆ ಒಬ್ಬರದು ಮಾತ್ರ, ಇನ್ನೊಬ್ಬರು ಮನೆಯಲ್ಲಿದ್ದರೆ ಲಕ್ಸೆಂಬರ್ಗ್‌ನದೇ ಮೊದಲ ಹೊಣೆ. ಎಷ್ಟೋ ಮನೆಗಳವರು ಕಿಂಡರ್‌ಗೆಲ್ಡ್ ಬರುತ್ತಿದೆಯಲ್ಲ ಎಂದು ಸುಮ್ಮನಿದ್ದುಬಿಡುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಆ ವ್ಯತ್ಯಾಸದ ಹಣ ನಿಮ್ಮ ದುಡಿಮೆಯ ಪಾಲು, ಅರ್ಜಿ ಹಾಕಿ. ಈ ಹಕ್ಕುಗಳಿಗಾಗಿ ಜನ ಕೋರ್ಟಿನವರೆಗೂ ಹೋಗಿದ್ದಾರೆ. ಗಡಿಯಾಚೆಯಿಂದ ಬಂದು ದುಡಿಯುವವರ ಮಕ್ಕಳಿಗೆ ಲಕ್ಸೆಂಬರ್ಗ್ ವಿದ್ಯಾರ್ಥಿ ನೆರವು ಕೊಡದಿದ್ದಾಗ 2013ರಲ್ಲಿ ಯುರೋಪಿಯನ್ ನ್ಯಾಯಾಲಯ ನಮ್ಮಂಥವರ ಪರ ನಿಂತಿತು. ಸಂಗಾತಿಯ ಮಗುವನ್ನು ಸಾಕುತ್ತಿರುವವರಿಗೆ ಮಕ್ಕಳ ಭತ್ಯೆ ತಪ್ಪಿಸಿದ್ದೂ ತಾರತಮ್ಯ ಎಂದು 2020ರಲ್ಲಿ ಹೇಳಿತು.

ಜನ ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ. ಇಲ್ಲಿ ಲೆಕ್ಕ ಎರಡು. ಸಂಬಳದ ತೆರಿಗೆ ಪೂರ್ತಿ ಲಕ್ಸೆಂಬರ್ಗ್‌ಗೇ ಹೋಗಬೇಕೆಂದರೆ ಆ ದೇಶದ ಹೊರಗೆ ಮಾಡುವ ಕೆಲಸಕ್ಕೆ ವರ್ಷಕ್ಕೆ 34 ದಿನದ ಮಿತಿ. 2024ರಿಂದ ಜರ್ಮನಿಯವರಿಗೂ ಇಷ್ಟೇ. ಮಿತಿ ದಾಟಿದರೆ, ದಾಟಿದ ದಿನಗಳಿಗೆ ಮಾತ್ರವಲ್ಲ, ಹೊರಗೆ ಕೆಲಸ ಮಾಡಿದ ಎಲ್ಲ ದಿನಗಳ ಸಂಬಳಕ್ಕೂ ಜರ್ಮನಿಯಲ್ಲಿ ತೆರಿಗೆ. ಸಾಮಾಜಿಕ ವಿಮೆಯ ಲೆಕ್ಕ ಬೇರೆ. ಮಾಮೂಲಿ ನಿಯಮದಂತೆ ಕೆಲಸದ 25 ಶೇಕಡಾ ಮನೆಯಿಂದಲೇ ಆದರೆ ವಿಮೆ ಜರ್ಮನಿಗೆ ಬದಲಾಗುತ್ತದೆ. 2023ರ ಜುಲೈ 1ರಿಂದ ಜಾರಿಯಾದ ಒಪ್ಪಂದದಲ್ಲಿ ಎರಡೂ ದೇಶಗಳಿವೆ. ಅದರಂತೆ 50 ಶೇಕಡಾ ಮುಟ್ಟದವರೆಗೂ ಲಕ್ಸೆಂಬರ್ಗ್ ವಿಮೆಯಲ್ಲೇ ಉಳಿಯಬಹುದು. ಆದರೆ ಅದಕ್ಕೆ ಅರ್ಜಿ ಹಾಕಿ, ಯಾವ ದೇಶದ ವಿಮೆಯಲ್ಲಿದ್ದೀರಿ ಎಂದು ತೋರಿಸುವ ಎ1 ಪತ್ರ ಪಡೆಯಬೇಕು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದರೆ ವಿಮೆಗೆ ತೊಂದರೆ ಇಲ್ಲ, ತೆರಿಗೆಯ ಮಿತಿ ಮಾತ್ರ ಕೆಲವೇ ತಿಂಗಳಲ್ಲಿ ಮುಗಿದಿರುತ್ತದೆ, ಅಲ್ವಾ? ನಾನು ಎಲ್ಲಿಂದ ಕೆಲಸ ಮಾಡಿದೆ ಎಂದು ದಿನದಿನವೂ ಬರೆದಿಡುತ್ತೇನೆ. ರೈಲು ಟಿಕೆಟ್‌ಗಳನ್ನೂ ಇಟ್ಟುಕೊಳ್ಳುತ್ತೇನೆ.

ಕೆಲಸ ಹೋದರೆ ನಿಯಮ ತಿರುಗುಮುರುಗು. ನಿರುದ್ಯೋಗ ಭತ್ಯೆ ಕೇಳಬೇಕಾದ್ದು ವಾಸಿಸುವ ದೇಶದಲ್ಲಿ. ನನ್ನ ಸಹೋದ್ಯೋಗಿಯೊಬ್ಬರ ಕೆಲಸ ಹೋದಾಗ ಮೂರು ದಿನದೊಳಗೆ ಟ್ರಿಯರ್‌ನ ಉದ್ಯೋಗ ಕಚೇರಿಗೆ ಹೋಗಿ ಹೆಸರು ಬರೆಸಲು ಹೇಳಿದೆ. ತಡವಾದರೆ ಅಲ್ಲಿ ಭತ್ಯೆಗೆ ಕತ್ತರಿ. ಲಕ್ಸೆಂಬರ್ಗ್‌ನಲ್ಲಿ ದುಡಿದದ್ದಕ್ಕೆ ಪುರಾವೆ ಯು1 ಪತ್ರ.

ಪೆನ್ಷನ್‌ಗೆ ಎರಡು ದೇಶಗಳ ವರ್ಷಗಳನ್ನು ಕೂಡಿಸಿ ಅರ್ಹತೆ ನೋಡುತ್ತಾರೆ, ಹಣವನ್ನು ಮಾತ್ರ ಆಯಾ ದೇಶ ತನ್ನ ಪಾಲಿನಷ್ಟು ಬೇರೆಬೇರೆಯಾಗಿ ಕೊಡುತ್ತದೆ. ಭಾರತಕ್ಕೂ ಜರ್ಮನಿ, ಲಕ್ಸೆಂಬರ್ಗ್ ಎರಡರ ಜೊತೆ ಸಾಮಾಜಿಕ ಭದ್ರತೆಯ ಒಪ್ಪಂದವಿದೆ. ಬೆಂಗಳೂರಿನ ಹಳೆಯ ಕೆಲಸದ ಪಿಎಫ್ ಕಾಗದಗಳನ್ನು ದಯವಿಟ್ಟು ಎಸೆಯಬೇಡಿ. ನನ್ನವು ಲಕ್ಸೆಂಬರ್ಗ್‌ನ ಸಂಬಳದ ಚೀಟಿಗಳ ಫೈಲಿನಲ್ಲೇ ಇವೆ.