ಫಾರಂ ಹಿಂದುಮುಂದಾಗಿಲ್ಲ: ಕಾಲ ಜಿಗಿಯುವ ಬ್ಯಾಟ್‌ಮನ್‌ನನ್ನು ಓದುವ ಬಗೆ

ಪುಸ್ತಕ ಕೈಗೆ ಬಂದ ಮೊದಲ ರಾತ್ರಿ ನಾನು ಓದಲಿಲ್ಲ, ಫಾರಂ ಎಣಿಸಿದೆ. ಫಾರಂ ಅಂದರೆ ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚಿದ ಪುಟಗಳ ಕಟ್ಟು. ಉಡುಪಿಯ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರೂಫ್ ನೋಡುವವಳು ನಾನು. ಮದುವೆ ಕಾಗದ, ಬ್ರಹ್ಮಕಲಶದ ಸ್ಮರಣ ಸಂಚಿಕೆ, ಸಹಕಾರಿ ಸಂಘದ ವಾರ್ಷಿಕ ವರದಿ, ಇವೇ ನನ್ನ ಸಾಹಿತ್ಯ. ಒಮ್ಮೆ ಒಂದು ಸ್ಮರಣ ಸಂಚಿಕೆಯಲ್ಲಿ ಹದಿನಾರು ಪುಟದ ಫಾರಂ ಒಂದು ಹಿಂದುಮುಂದಾಗಿ ಸೇರಿ, ಸ್ವಾಗತಕ್ಕಿಂತ ಮೊದಲೇ ವಂದನಾರ್ಪಣೆ ಬಂದುಬಿಟ್ಟಿತ್ತು. ಆ ಬೈಗುಳ ಇನ್ನೂ ಕಿವಿಯಲ್ಲಿದೆ. ಹಾಗಾಗಿ ಅಕ್ಕನ ಮಗ ಮಣಿಪಾಲದ ಹಾಸ್ಟೆಲಿನಿಂದ ತಂದುಕೊಟ್ಟ ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಮೊದಲು ಗುಹೆಯ ಜನ, ಆಮೇಲೆ ಮಾಟಗಾತಿ ಬೇಟೆ, ಆಮೇಲೆ ಕಡಲ್ಗಳ್ಳರು, ನಡುನಡುವೆ ಎಲ್ಲಿಂದಲೋ ಸೂಪರ್‌ಮ್ಯಾನ್ ಬರುವುದು ಕಂಡಾಗ ನನಗೆ ಸಂಶಯ ಹುಟ್ಟಿದ್ದು ಕಥೆಗಾರನ ಮೇಲಲ್ಲ, ಬೈಂಡರ್ ಮೇಲೆ. ಬೆನ್ನು ಬಗ್ಗಿಸಿ ನೋಡಿದೆ. ಜೋಡಣೆ ಸರಿಯಾಗಿಯೇ ಇತ್ತು.

ಆ ಪುಸ್ತಕ ‘ದಿ ರಿಟರ್ನ್ ಆಫ್ ಬ್ರೂಸ್ ವೇಯ್ನ್’. ಬರೆದವರು ಗ್ರಾಂಟ್ ಮಾರಿಸನ್, ಡಿಸಿ ಕಾಮಿಕ್ಸ್ 2010ರಲ್ಲಿ ಆರು ಸಂಚಿಕೆಗಳಾಗಿ ಹೊರತಂದದ್ದು, ಆಮೇಲೆ ಒಟ್ಟು ಸೇರಿಸಿದ್ದು. ಬ್ರೂಸ್ ವೇಯ್ನ್ ಅಂದರೆ ಬ್ಯಾಟ್‌ಮನ್‌ನ ನಿಜ ಹೆಸರು. ಅವನು ಕಾಲದಲ್ಲಿ ಹಿಂದಕ್ಕೆ ಬಿದ್ದಿದ್ದಾನೆ. ನೆನಪು ಹೋಗಿದೆ. ಶಿಲಾಯುಗದಿಂದ ಶುರುವಾಗಿ ಒಂದೊಂದೇ ಕಾಲ ಜಿಗಿಯುತ್ತ ನಮ್ಮ ಕಾಲದ ಕಡೆಗೆ ಬರುತ್ತಾನೆ. ಇಷ್ಟು ಹೇಳಿದರೆ ಸುಲಭ ಅನಿಸುತ್ತದೆ. ಓದಿ ನೋಡಿ, ಗೊತ್ತಾಗುತ್ತದೆ. ನಾನು ಮೂರು ಸಲ ಓದಿದ್ದೇನೆ, ನಾಲ್ಕು ಮಂದಿಗೆ ಓದಿಸಿದ್ದೇನೆ, ನಾಲ್ವರದೂ ನಾಲ್ಕು ಅಭಿಪ್ರಾಯ. ಇಂಥ ಪುಸ್ತಕ ನಿಮ್ಮ ಕೈಗೂ ಸಿಕ್ಕಿ, ಇಪ್ಪತ್ತನೇ ಪುಟಕ್ಕೆ ಮುಚ್ಚಿಟ್ಟಿದ್ದರೆ, ಹೀಗೆ ಮಾಡಿ.

ಮೊದಲು, ತಪ್ಪು ನಿಮ್ಮದಲ್ಲ ಅಂತ ತಿಳಿದುಕೊಳ್ಳಿ. ನಮ್ಮ ಕಡೆಯವರಿಗೆ ಕಾಮಿಕ್ಸ್ ಅಂದರೆ ಅಮರ ಚಿತ್ರ ಕಥಾ. ಅದನ್ನು 1967ರಲ್ಲಿ ಶುರುಮಾಡಿದ ಅನಂತ ಪೈಗಳು ಹುಟ್ಟಿದ್ದು ಇಲ್ಲೇ ಕಾರ್ಕಳದಲ್ಲಿ. ಮೂವತ್ತೆರಡು ಪುಟ, ಒಂದು ಕಥೆ, ಮುಗಿಯಿತು. ಯಾವ ಪುಸ್ತಕ ಮೊದಲು ಓದಿದರೂ ನಡೆಯುತ್ತದೆ. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಹಾಗಲ್ಲ. ಅದು ತಿಂಗಳ ಧಾರಾವಾಹಿ, ಒಂದು ಪತ್ರಿಕೆಯ ಕಥೆ ಇನ್ನೊಂದು ಪತ್ರಿಕೆಯೊಳಗೆ ನುಗ್ಗುತ್ತದೆ. ಅಷ್ಟರಿಂದ ಆರು ಸಂಚಿಕೆ ಕಿತ್ತು ರಟ್ಟು ಹಾಕಿದರೆ ತಲೆಯೂ ಇಲ್ಲ ಬಾಲವೂ ಇಲ್ಲ.

ನಮ್ಮ ಪಕ್ಕದ ಮನೆಯವರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಚಿಕ್ಕಂದಿನಲ್ಲಿ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿ ಓದಿ ಬೆಳೆದವರು. ಫ್ಯಾಂಟಮ್ ಇಪ್ಪತ್ತೊಂದನೇ ತಲೆಮಾರಿನವನು, ಮೊದಲನೆಯವನು ತಲೆಬುರುಡೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ್ದು 1536ರಲ್ಲಿ ಅಂತ ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅವರು ಪುಸ್ತಕವನ್ನು ಎರಡೇ ದಿನದಲ್ಲಿ ವಾಪಸ್ ತಂದು ಜಗಲಿಯ ಮೇಲಿಟ್ಟರು. “ಎಂತದ್ದು ಮಾರಾಯ್ತಿ ಇದು? ಓಪನಿಂಗ್ ಬ್ಯಾಲೆನ್ಸೇ ಇಲ್ಲದ ಲೆಡ್ಜರ್. ಇವ ಅಲ್ಲಿಗೆ ಹೋದದ್ದು ಹೇಗೆ ಅಂತ ಒಂದು ಸಾಲು ಬರೀಲಿಕ್ಕೆ ಇವರಿಗೆ ಎಂತ ಧಾಡಿ?”

ಅವರ ಮಾತು ಸರಿ. ಓಪನಿಂಗ್ ಬ್ಯಾಲೆನ್ಸ್ ಇದೆ, ಆದರೆ ಬೇರೆ ಪುಸ್ತಕದಲ್ಲಿದೆ. ಅದನ್ನು ಮೊದಲು ಹುಡುಕಿಕೊಳ್ಳಿ. 2008ರಲ್ಲಿ ಬಂದ ‘ಬ್ಯಾಟ್‌ಮನ್ ಆರ್.ಐ.ಪಿ.’, ಅಂದರೆ ಬ್ಯಾಟ್‌ಮನ್ ಪತ್ರಿಕೆಯ 676ರಿಂದ 681ರವರೆಗಿನ ಸಂಚಿಕೆ. ಅದರ ಬೆನ್ನಿಗೆ 682, 683. ಆಮೇಲೆ 2008–09ರ ‘ಫೈನಲ್ ಕ್ರೈಸಿಸ್’, ಏಳು ಸಂಚಿಕೆ. ಅದರ ಆರನೆಯದರಲ್ಲಿ ಡಾರ್ಕ್‌ಸೈಡ್ ಎಂಬ ದುಷ್ಟ ದೇವತೆ ಕಣ್ಣಿನ ಕಿರಣದಿಂದ ಬ್ಯಾಟ್‌ಮನ್‌ನನ್ನು ಹೊಡೆಯುತ್ತಾನೆ, ಸುಟ್ಟ ಅಸ್ಥಿಪಂಜರವನ್ನು ಸೂಪರ್‌ಮ್ಯಾನ್ ಎತ್ತಿಕೊಂಡು ಬರುತ್ತಾನೆ. ಏಳನೆಯದರ ಕೊನೆಯಲ್ಲಿ ಬ್ರೂಸ್ ಸತ್ತಿಲ್ಲ, ಗುಹೆಯಲ್ಲಿ ಕೂತಿದ್ದಾನೆ ಎಂದು ನಮಗೆ ಮಾತ್ರ ಗೊತ್ತಾಗುತ್ತದೆ. ನಡುವೆ ಏನಾಯಿತು ಎನ್ನುವುದನ್ನು ಬರೆದವರೇ 2010ರಲ್ಲಿ ಬ್ಯಾಟ್‌ಮನ್ 701, 702ರಲ್ಲಿ ಬಿಡಿಸಿ ಹೇಳಿದ್ದಾರೆ. ಎಲ್ಲ ಕೊಳ್ಳಲು ದುಡ್ಡಿಲ್ಲ ಅಂದರೆ ಆ ಎರಡನ್ನು ಮಾತ್ರ ಎಲ್ಲಿಂದಾದರೂ ಕಡ ತನ್ನಿ, ಸಾಕು. ಇದೇ ಹೊತ್ತಿಗೆ ಬಂದ ‘ಟೈಮ್ ಮಾಸ್ಟರ್ಸ್: ವ್ಯಾನಿಷಿಂಗ್ ಪಾಯಿಂಟ್’ ಓದಬೇಕು ಅಂತ ಯಾರಾದರೂ ಹೇಳಿದರೆ ಹೂಂ ಅನ್ನಿ, ಓದಬೇಡಿ. ನಾನು ಓದಿ ಒಂದು ಭಾನುವಾರ ಕಳಕೊಂಡೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಇದು ಗೊತ್ತಿದ್ದರೆ ಓದಿನ ರುಚಿ ಕೆಡುವುದಿಲ್ಲ, ಹೆಚ್ಚಾಗುತ್ತದೆ. ಡಾರ್ಕ್‌ಸೈಡ್ ಬ್ರೂಸ್‌ನನ್ನು ಸುಮ್ಮನೆ ಹಿಂದಕ್ಕೆ ಎಸೆದದ್ದಲ್ಲ, ಅವನನ್ನೇ ಮದ್ದುಗುಂಡು ಮಾಡಿ ಇಟ್ಟಿದ್ದಾನೆ. ಒಂದೊಂದು ಕಾಲ ಜಿಗಿದಾಗಲೂ ಅವನೊಳಗೆ ಒಂದು ಶಕ್ತಿ ತುಂಬುತ್ತದೆ. ಅವನು ಮನೆ ಮುಟ್ಟಿದರೆ ಲೋಕವೇ ಹೋಗುತ್ತದೆ. ಅದಕ್ಕೇ ಡಿಸಿಯ ಬೇರೆ ನಾಯಕರಾದ ಸೂಪರ್‌ಮ್ಯಾನ್, ಗ್ರೀನ್ ಲ್ಯಾಂಟರ್ನ್, ಬೂಸ್ಟರ್ ಗೋಲ್ಡ್, ರಿಪ್ ಹಂಟರ್ ಅವನ ಹಿಂದೆ ಬಿದ್ದಿರುವುದು. ಮನೆಗೆ ಬರಲಿ ಅಂತಲೂ ಆಸೆ, ಬರಬಾರದು ಅಂತಲೂ ಭಯ. ಇದನ್ನು ತಲೆಯಲ್ಲಿಟ್ಟುಕೊಂಡರೆ ನಡುನಡುವೆ ಬರುವ ಸೂಪರ್‌ಮ್ಯಾನ್ ಅಧಿಕಪ್ರಸಂಗಿ ಅನಿಸುವುದಿಲ್ಲ.

ಈಗ ಪುಸ್ತಕ ತೆರೆಯಿರಿ. ತೆರೆಯುವುದಕ್ಕೂ ಒಂದು ಕ್ರಮ ಉಂಟು. ಹೊಸ ಗಮ್ ಬೈಂಡಿಂಗ್ ಪುಸ್ತಕವನ್ನು ನಡುವಿಗೆ ಬಿಚ್ಚಿ ಅಂಗೈಯಿಂದ ಒತ್ತಿದರೆ ಬೆನ್ನು ಟಪ್ ಅನ್ನುತ್ತದೆ, ಆಮೇಲೆ ಒಂದೊಂದೇ ಹಾಳೆ ಕೈಗೆ ಬರುತ್ತದೆ. ಬೆನ್ನನ್ನು ಮೇಜಿನ ಮೇಲೆ ನಿಲ್ಲಿಸಿ, ಎರಡು ರಟ್ಟನ್ನೂ ಅತ್ತಿತ್ತ ಮಲಗಿಸಿ. ಮುಂದಿನಿಂದ ಏಳೆಂಟು ಹಾಳೆ ಮಲಗಿಸಿ ಬುಡದಲ್ಲಿ ಬೆರಳು ಎಳೆಯಿರಿ, ಆಮೇಲೆ ಹಿಂದಿನಿಂದ ಅಷ್ಟೇ. ಹೀಗೆ ನಡುವಿನವರೆಗೆ. ಈ ಪುಸ್ತಕದಲ್ಲಿ ಎರಡು ಪುಟಕ್ಕೆ ಹರಡಿದ ಚಿತ್ರಗಳಿವೆ, ಹೀಗೆ ಮಾಡದಿದ್ದರೆ ಅರ್ಧ ಮುಖ ಬೈಂಡಿಂಗಿನ ಹೊಟ್ಟೆಯೊಳಗೆ ಹೋಗುತ್ತದೆ. ಆಟಿಯ ಮಳೆಯಲ್ಲಿ ಆರ್ಟ್ ಪೇಪರ್ ಒಂದಕ್ಕೊಂದು ಅಂಟುತ್ತದೆ. ಎಳೆಯಬೇಡಿ. ಫ್ಯಾನ್ ಕೆಳಗೆ ಪುಸ್ತಕವನ್ನು ಬೀಸಣಿಗೆಯ ಹಾಗೆ ಅರ್ಧ ಬಿಚ್ಚಿ ನಿಲ್ಲಿಸಿ, ಸಂಜೆಯೊಳಗೆ ತಾನೇ ಬಿಡುತ್ತದೆ.

ದಿನಕ್ಕೆ ಒಂದೇ ಅಧ್ಯಾಯ. ಬಂದ ಕಾಲದಲ್ಲಿ ಓದುಗರು ಒಂದರಿಂದ ಇನ್ನೊಂದಕ್ಕೆ ವಾರಗಟ್ಟಲೆ ಕಾದಿದ್ದಾರೆ, ಅಷ್ಟರಲ್ಲಿ ಹತ್ತು ಸಲ ತಿರುವಿ ಹಾಕಿದ್ದಾರೆ. ನಾವು ಒಂದೇ ರಾತ್ರಿಯಲ್ಲಿ ಆರನ್ನೂ ನುಂಗಿದರೆ ಅಜೀರ್ಣ ಆಗದೆ ಇನ್ನೇನು?

ಓದುವಾಗ ಎರಡು ಬಣ್ಣದ ಚೀಟಿ ಇಟ್ಟುಕೊಳ್ಳಿ. ನಾನು ಬಳಸಿದ್ದು ಪ್ರೆಸ್ಸಿನಲ್ಲಿ ಬಿಲ್ ಪುಸ್ತಕ ಕತ್ತರಿಸಿ ಉಳಿದ ಹಳದಿ, ಗುಲಾಬಿ ಅಂಚು. ಬ್ರೂಸ್ ಹಿಂದಿನ ಕಾಲದಲ್ಲಿರುವ ಪುಟಗಳಿಗೆ ಗುಲಾಬಿ. ಸೂಪರ್‌ಮ್ಯಾನ್ ತಂಡ ಅವನನ್ನು ಹುಡುಕುವ ಪುಟಗಳಿಗೆ ಹಳದಿ. ಅವರು ಇರುವ ಜಾಗದ ಹೆಸರು ವ್ಯಾನಿಷಿಂಗ್ ಪಾಯಿಂಟ್, ಅದು ಕಾಲದ ಕಟ್ಟಕಡೆ. ಅಂದರೆ ಒಂದೇ ಅಧ್ಯಾಯದಲ್ಲಿ ಒಂದು ಎಳೆ ಆದಿಯ ಕಡೆಗೆ, ಇನ್ನೊಂದು ಅಂತ್ಯದಲ್ಲಿ. ಗೊಂದಲದ ಮುಕ್ಕಾಲು ಪಾಲು ಇಷ್ಟೇ. ಮೊದಲ ಓದಿನಲ್ಲಿ ಗುಲಾಬಿ ಮಾತ್ರ ಓದಿ, ಹಳದಿಯ ಚಿತ್ರ ನೋಡಿ ದಾಟಿ. ಎರಡನೇ ಸಲ ಸೇರಿಸಿ ಓದಿ. ಇದು ಮೋಸ ಅಂತ ಅಕ್ಕನ ಮಗ ಹೇಳುತ್ತಾನೆ. ಅವನು ಹೇಳಲಿ.

ಜಿಗಿತ ಯಾವಾಗ ಆಯಿತು ಅಂತ ತಿಳಿಯದಿದ್ದರೆ ಆಕಾಶ ನೋಡಿ. ಗ್ರಹಣ ಹಿಡಿಯುತ್ತದೆ, ಬ್ರೂಸ್ ಮುಂದಿನ ಕಾಲಕ್ಕೆ ಬೀಳುತ್ತಾನೆ. ಇದು ನನಗೆ ಹೊಳೆದದ್ದು ಎರಡನೇ ಓದಿನಲ್ಲಿ, ಹೊಳೆದಾಗ ನೆನಪಾದದ್ದು 2019ರ ಡಿಸೆಂಬರ್ 26. ಕಾಸರಗೋಡಿನ ಚೆರುವತ್ತೂರಿನಲ್ಲಿ ಕಂಕಣ ಗ್ರಹಣ ನೋಡಲು ಜನ ಜಾತ್ರೆ ಸೇರಿದ್ದರು. ನಾವಿಲ್ಲಿ ಪ್ರೆಸ್ಸಿನ ಬಾಗಿಲು ಎಳೆದುಕೊಂಡು, ತಿಂಡಿ ಇಲ್ಲದೆ ಕೂತಿದ್ದೆವು. ಕಿಟಕಿಯ ಬಿಸಿಲು ಹಳೇ ಫೋಟೊದ ಬಣ್ಣಕ್ಕೆ ತಿರುಗಿತ್ತು, ಹೊರಗೆ ಒಂದು ನರಪಿಳ್ಳೆ ಇರಲಿಲ್ಲ. ಆ ಬೆಳಕು ಕಂಡವರಿಗೆ ಈ ಪುಸ್ತಕದ ಉಪಾಯ ವಿವರಿಸಬೇಕಾಗಿಲ್ಲ.

ಕಾಲ ಗುರುತಿಸಲು ಇನ್ನೊಂದು ದಾರಿಯನ್ನು ಎದುರು ಮನೆಯ ಎಂಟನೇ ಕ್ಲಾಸಿನ ಹುಡುಗಿ ಹೇಳಿಕೊಟ್ಟಳು. ಅವಳು ಮಾತನ್ನು ಓದಲೇ ಇಲ್ಲ, ಬರೀ ಚಿತ್ರ ನೋಡಿದಳು, ನಮ್ಮೆಲ್ಲರಿಗಿಂತ ಬೇಗ ದಾರಿ ಹಿಡಿದಳು. “ಆಂಟಿ, ಬರೆದವರು ಬೇರೆ ಬೇರೆ ಅಲ್ವಾ? ಮೂಗು ನೋಡಿ.” ನಿಜ, ಒಂದೊಂದು ಅಧ್ಯಾಯಕ್ಕೆ ಒಬ್ಬೊಬ್ಬ ಚಿತ್ರಕಾರ. ಶಿಲಾಯುಗಕ್ಕೆ ಕ್ರಿಸ್ ಸ್ಪ್ರೌಸ್, ಮಾಟಗಾತಿ ಕಾಲಕ್ಕೆ ಫ್ರೇಜರ್ ಇರ್ವಿಂಗ್, ಕಡಲ್ಗಳ್ಳರಿಗೆ ಯಾನಿಕ್ ಪಾಕೆಟ್. ಇರ್ವಿಂಗ್ ಅವರ ಬಣ್ಣ ಮಂಜಿನೊಳಗಿಂದ ಬಂದ ಹಾಗೆ, ಗೆರೆ ಎಲ್ಲಿ ಮುಗಿಯಿತು ಬಣ್ಣ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಮುದ್ರಣದವಳಾಗಿ ಹೇಳುತ್ತೇನೆ, ಅಂಥ ಪುಟ ಅಚ್ಚು ಹಾಕುವುದು ಹುಡುಗಾಟವಲ್ಲ. ಬಣ್ಣ ಒಂದು ಕೂದಲೆಳೆ ಸರಿದರೂ ರಾಡಿ.

ಆ ಎರಡನೇ ಅಧ್ಯಾಯದ ಮೇಲೆ ಹೆಚ್ಚು ಹೊತ್ತು ಕೂರಿ. ಬ್ಯಾಟ್‌ಮನ್‌ನ ಊರಾದ ಗೋಥಮ್‌ನ ಹಳೆಯ ಕಾಲ, ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರ ಊರು. ನೆನಪಿಲ್ಲದ ಬ್ರೂಸ್ ಅಲ್ಲಿ ಮೊರ್ಡೆಕೈ ಎಂಬ ಹೆಸರಿನಲ್ಲಿ ಮಾಟಗಾತಿ ಪ್ರಕರಣಗಳ ತನಿಖೆಗಾರ. ಆದರೆ ಪತ್ತೇದಾರನ ಬುದ್ಧಿ ಎಲ್ಲಿಗೆ ಹೋಗುತ್ತದೆ, ಸುಳಿವು ಹುಡುಕಿ ಕೊಲೆಗಾರನನ್ನು ಹಿಡಿಯುತ್ತಾನೆ. ಅವನನ್ನು ಕಾಪಾಡಿ ಮನೆಯಲ್ಲಿಟ್ಟುಕೊಂಡ ಆ್ಯನಿಯನ್ನು ಮಾತ್ರ ಉಳಿಸಿಕೊಳ್ಳಲಾಗುವುದಿಲ್ಲ. ಗಲ್ಲಿಗೇರುವ ಮೊದಲು ಅವಳು ವೇಯ್ನ್ ವಂಶಕ್ಕೆ ಶಾಪ ಹಾಕುತ್ತಾಳೆ. ಅವನು ಮುಂದೆ ಹುಟ್ಟಬೇಕಾದ ವಂಶಕ್ಕೇ. ಪಿಸ್ತೂಲು, ರಾಕೆಟ್ಟು, ಕಾಲದ ಸಿದ್ಧಾಂತ ಎಲ್ಲ ಬದಿಗಿರಲಿ, ಶಾಪ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ.

ನಮ್ಮ ಮೆಷಿನ್‌ಮ್ಯಾನ್ ಯಕ್ಷಗಾನದ ಹುಚ್ಚಿನವರು. ರಾತ್ರಿ ಆಟ ನೋಡಿ, ಬೆಳಿಗ್ಗೆ ಶಾಯಿ ಬಳಿಯುತ್ತ ತೂಕಡಿಸುವವರು. ಅವರಿಗೆ ಕಥೆಯನ್ನು ನಾನು ಕನ್ನಡದಲ್ಲಿ ಹೇಳುತ್ತ ಚಿತ್ರ ತೋರಿಸಿದೆ. ಅವರೆಂದರು, “ಅಕ್ಕ, ರಾತ್ರಿ ಎರಡು ಗಂಟೆಗೆ ಆಟಕ್ಕೆ ಹೋದವ ಪಕ್ಕದವನ ಹತ್ರ ಪೂರ್ತಿ ಪ್ರಸಂಗ ಕೇಳ್ತಾನಾ? ಈಗ ರಂಗದಲ್ಲಿ ಯಾರು, ಅವನಿಗೆ ಎಂತ ಬೇಕು, ಇಷ್ಟೇ ಕೇಳುದು.” ಈ ಎರಡು ಪ್ರಶ್ನೆಯನ್ನು ಪುಸ್ತಕದ ಒಳರಟ್ಟಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಎಲ್ಲಿ ದಾರಿ ತಪ್ಪಿತೋ ಅಲ್ಲಿ ನಿಂತು ಕೇಳಿಕೊಳ್ಳಿ. ನಾಲ್ಕನೆಯ ಅಧ್ಯಾಯದಲ್ಲಿ ಜೋನಾ ಹೆಕ್ಸ್ ಎಂಬ ಬಾಡಿಗೆ ಬಂದೂಕಿನವನು ಬಂದಾಗ ನನಗೆ ಅವನ ಪೂರ್ವೋತ್ತರ ಒಂದೂ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ಅವನಿಗೆ ಬೇಕಾದದ್ದು ದುಡ್ಡು, ದುಡ್ಡು ಸಿಕ್ಕಿದ್ದು ಬ್ರೂಸ್‌ನನ್ನು ಹೊಡೆಯಲು.

ಕಾಲದಲ್ಲಿ ಹಿಂದಕ್ಕೆ ಹೋಗುವುದು ನಮಗೆ ಕಷ್ಟ ಯಾಕೆ ಎನ್ನುವುದಕ್ಕೂ ಮೆಷಿನ್‌ಮ್ಯಾನ್ ಹತ್ತಿರ ಉತ್ತರ ಇತ್ತು. ಭಾಗವತದಲ್ಲಿ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಗಂಧರ್ವರ ಹಾಡು ಮುಗಿಯುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ದಾಟಿರುತ್ತದೆ. ಬಂದು ಬಲರಾಮನಿಗೆ ಮದುವೆ ಮಾಡಿಕೊಡುತ್ತಾನೆ. ಅಲ್ಲಿ ಕಾಲ ಮುಂದಕ್ಕೆ ಮಾತ್ರ. ಕಳೆದುಹೋದ ಕಾಲಕ್ಕೆ ಯಾರೂ ಕೈ ಹಾಕುವುದಿಲ್ಲ. ಈ ಪುಸ್ತಕದಲ್ಲಿ ಕೈ ಹಾಕುತ್ತಾರೆ, ಹಾಗಾಗಿ ಮೊಮ್ಮಗ ಅಜ್ಜನಿಗಿಂತ ಮೊದಲು ಬಂದುಬಿಡುತ್ತಾನೆ. ವೇಯ್ನ್ ಎಂಬ ಹೆಸರು ಕಂಡಲ್ಲೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಪಕ್ಕದಲ್ಲಿ ಯಾವ ಕಾಲ ಅಂತ. ಅರ್ಧ ಹಾಳೆ ಸಾಕು. ವಂಶವೃಕ್ಷ ಬರೆಯಲು ಹೋಗಬೇಡಿ, ನಾನು ಹೋಗಿ ಸೋತೆ.

ಐದನೆಯದು ಹಳೆಯ ಪತ್ತೇದಾರಿ ಸಿನಿಮಾದ ಧಾಟಿ, ಚುರುಕಾಗಿ ಓದಿಸಿಕೊಳ್ಳುತ್ತದೆ. ಆರನೆಯದರಲ್ಲಿ ಮಾತ್ರ ಬರೆದವರು ಎಲ್ಲ ಎಳೆಯನ್ನೂ ಒಂದೇ ಗಂಟಿಗೆ ತಂದು ಬಿಗಿದಿದ್ದಾರೆ, ಬಿಗಿದ ರಭಸಕ್ಕೆ ನಾಲ್ಕೈದು ಎಳೆ ಕೈಯಿಂದ ಜಾರಿದೆ ಅಂತ ನನ್ನ ಅಂಬೋಣ. ಅಲ್ಲಿ ನಿಧಾನ ಮಾಡಿ. ಮಾತಿನ ಗುಳ್ಳೆಗಿಂತ ಚೌಕದೊಳಗಿನ ಬರಹವನ್ನು ಮೊದಲು ಓದಿ, ಅದು ಯಾರ ದನಿ ಅಂತ ತಿಳಿಯದೆ ಮುಂದಿನ ಚೌಕಕ್ಕೆ ಹೋಗಬೇಡಿ. ಅಕ್ಕನ ಮಗನ ಪ್ರಕಾರ ಅದೇ ಪುಸ್ತಕದ ಜೀವ. “ಎಲ್ಲ ಅರ್ಥ ಆಗ್ಬೇಕು ಅಂತ ಹೋಗ್ಬೇಡ ಚಿಕ್ಕಿ. ಅವನಿಗೇ ತಾನು ಯಾರು ಅಂತ ನೆನಪಿಲ್ಲ, ನಿಂಗೆ ಹೇಗೆ ಗೊತ್ತಾಗುದು?” ಜಾಣತನದ ಮಾತು. ಪ್ರೂಫಿನಲ್ಲಿ ಇಂಥ ಮಾತು ಹೇಳಿ ತಪ್ಪಿಸಿಕೊಳ್ಳಲು ನನಗೆ ಯಾರೂ ಬಿಟ್ಟಿಲ್ಲ.

ಆರು ಮುಗಿದ ಮೇಲೆ ತಡಮಾಡದೆ ಮೊದಲ ಅಧ್ಯಾಯವನ್ನು ಮತ್ತೊಮ್ಮೆ ತಿರುವಿ. ದೈತ್ಯ ಬಾವಲಿಯ ಚರ್ಮ ಹೊದ್ದು ಅವನು ಎದ್ದು ನಿಲ್ಲುವ ಚಿತ್ರ ಇದೆ. ಮೊದಲ ಸಲ ಅದು ನನಗೆ ವೇಷ ಅನಿಸಿತ್ತು.

ಬ್ಯಾಂಕಿನವರು 701, 702 ಓದಿ ಈಗ ಸ್ವಲ್ಪ ತಣ್ಣಗಾಗಿದ್ದಾರೆ. ಪುಸ್ತಕ ಸದ್ಯ ಮೆಷಿನ್‌ಮ್ಯಾನ್ ಮನೆಯಲ್ಲಿದೆ. ನಿನ್ನೆ ರಾತ್ರಿ ಫೋನ್ ಮಾಡಿದ್ದರು, ಮಗ ತಿರುವುವಾಗ ಹಳದಿ ಚೀಟಿ ಒಂದು ಉದುರಿತಂತೆ, ಎಲ್ಲಿ ಇಡಬೇಕು ಅಂತ. ಎರಡನೇ ಅಧ್ಯಾಯ, ಸೂಪರ್‌ಮ್ಯಾನ್ ಇರುವ ಪುಟ ನೋಡಿ ಇಡಿ ಅಂದೆ.