ಬ್ಲೆಂಡರ್‌ನಲ್ಲಿ ವೆನಿಲಾ ಸ್ಕೂಪ್: ನಾನು ಮಾಡಿದ ಬಗೆ

ಒಂದು ಅಂಗಡಿಯ ಮೆನು ಕಾರ್ಡಿಗೆ ಗಡ್‌ಬಡ್ ಗ್ಲಾಸಿನ ಚಿತ್ರ ಬೇಕಿತ್ತು. ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ಕಟ್ಟುವ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಅದನ್ನು ಮಾಡಿದೆ. ಹಣ್ಣು, ಜೆಲ್ಲಿ, ಗೋಡಂಬಿ ಇವೆಲ್ಲ ಬೇಗ ಆಗುವ ಕೆಲಸ. ನನ್ನ ಸಮಯವೆಲ್ಲ ಹೋದದ್ದು ಮೇಲೆ ಕೂರುವ ವೆನಿಲಾ ಸ್ಕೂಪಿಗೆ.

ಐಸ್‌ಕ್ರೀಂ ಅಂದರೆ ಸಣ್ಣ ಸಣ್ಣ ಹಿಮದ ಹರಳು, ಗಾಳಿಗುಳ್ಳೆ, ಹಾಲಿನ ಕೊಬ್ಬಿನ ಕಣ, ಇವನ್ನೆಲ್ಲ ಹಿಡಿದಿಟ್ಟ ಸಕ್ಕರೆ ಪಾಕ. ಹಿಮಕ್ಕಾಗಲಿ ಗಾಳಿಗಾಗಲಿ ಬಿಳಿ ಬಣ್ಣವಿಲ್ಲ. ಬೆಳಕು ಒಳಹೊಕ್ಕು, ಇವುಗಳ ನಡುವೆ ಚದುರಿ, ಹೊಕ್ಕ ಜಾಗದ ಹತ್ತಿರದಲ್ಲೇ ಹೊರಬರುವುದರಿಂದ ನಮಗೆ ಬಿಳಿ ಕಾಣುತ್ತದೆ. ಹಾಗಾಗಿ ಬೇಸ್ ಕಲರ್‌ಗಿಂತ (ವಸ್ತುವಿನ ಮೂಲ ಬಣ್ಣ) ಮೊದಲು ನಾನು ಸಬ್‌ಸರ್ಫೇಸ್, ಅಂದರೆ ಬೆಳಕು ಒಳಗೆ ಚದುರುವ ಬಗೆಯನ್ನು ಸರಿಮಾಡುತ್ತೇನೆ.

ಬ್ಲೆಂಡರ್‌ನ ಮುಖ್ಯ ಮೆಟೀರಿಯಲ್ ನೋಡ್ ಆದ ಪ್ರಿನ್ಸಿಪಲ್ಡ್ ಬಿಎಸ್‌ಡಿಎಫ್‌ನಲ್ಲಿ ಸಬ್‌ಸರ್ಫೇಸ್ ವೇಟ್ 1. ಆಮೇಲೆ ಸ್ಕೇಲ್, ಅಂದರೆ ಬೆಳಕು ಒಳಗೆ ಎಷ್ಟು ದೂರ ಹರಡಬೇಕೆಂಬ ಅಳತೆ. ಬ್ಲೆಂಡರ್ 4.0ರಿಂದ ಅದು 0.05 ಮೀಟರ್ ಎಂದು ಬಂದಿರುತ್ತದೆ, ಅಂದರೆ 5 ಸೆಂಟಿಮೀಟರ್. ನನ್ನ ಸ್ಕೂಪಿನ ಅಗಲವೇ 6 ಸೆಂಟಿಮೀಟರ್! ಹಾಗೇ ಬಿಟ್ಟರೆ ಬೆಳಕು ಇಡೀ ಉಂಡೆಯನ್ನು ದಾಟಿ ಮೇಣದ ಬತ್ತಿಯಂತೆ ಕಾಣುತ್ತದೆ. 0.003ರ ಆಸುಪಾಸಿಗೆ ಇಳಿಸಿದೆ. ಇದಕ್ಕೆ ಮಾಡೆಲ್ ನಿಜವಾದ ಅಳತೆಯಲ್ಲೇ ಇರಬೇಕು. ಕೆಂಪು, ಹಸಿರು, ನೀಲಿ ಬೆಳಕು ಎಷ್ಟೆಷ್ಟು ಹರಡಬೇಕೆಂದು ಹೇಳುವ ರೇಡಿಯಸ್‌ನಲ್ಲಿ ಮೊದಲೇ ಇರುವ 1.0, 0.2, 0.1 ಚರ್ಮಕ್ಕೆ ಹೊಂದುವ ಬೆಲೆ. ಅದನ್ನು ಬಿಟ್ಟರೆ ನೆರಳಿನ ಅಂಚಿನಲ್ಲಿ ಕೆಂಪು ಇಣುಕುತ್ತದೆ. ನಾನು 1.0, 0.8, 0.6 ಕೊಟ್ಟೆ. 2001ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಹೆನ್ರಿಕ್ ವಾನ್ ಯೆನ್ಸನ್ ಮತ್ತು ಸಂಗಡಿಗರು ಹಾಲನ್ನು ಅಳೆದು ಕೊಟ್ಟ ಅಂಕಿಗಳೂ ಇದೇ ಕಡೆ ತೋರಿಸುತ್ತವೆ: ಹಾಲು ಕೆಂಪಿಗಿಂತ ನೀಲಿಯನ್ನು ಹೆಚ್ಚು ಹೀರುತ್ತದೆ. ಆ ಕೆನೆಬಣ್ಣ ಬರುವುದೇ ಅಲ್ಲಿಂದ. ಬೇಸ್ ಕಲರ್ 0.9, 0.84, 0.7. ಅಪ್ಪಟ ಬಿಳಿ ಬೇಡವೇ ಬೇಡ.

ಇನ್ನು ಮೇಲ್ಮೈ. ಇಲ್ಲಿ ಕಂಪ್ಯೂಟರ್ ಬಿಟ್ಟು ನಿಜವಾದ ಸ್ಕೂಪನ್ನೇ ಕಿಟಕಿಯ ಪಕ್ಕದ ಬೆಳಕಿನಲ್ಲಿಟ್ಟು ನೋಡಿದೆ. ಚಮಚ ಎಳೆದ ದಿಕ್ಕಿಗೆ ಗೀರುಗಳು ಸಾಲಾಗಿ ಓಡುತ್ತವೆ, ನಡುನಡುವೆ ಕಿತ್ತುಬಂದ ಸಣ್ಣ ಗುಳಿಗಳು. ಬುಡದಲ್ಲಿ ಚಮಚದ ಅಂಚಿನಿಂದ ಹೊರಗೆ ಒತ್ತಿಬಂದ ಹರಕು ಅಂಚು ಇರುತ್ತದೆ. ಈ ಅಂಚು ತೆಳ್ಳಗಿರುವುದರಿಂದ ಬೆಳಕು ತೂರಿಬರುತ್ತದೆ, ಮೊದಲು ಕರಗುವುದೂ ಅದೇ. ಐಸ್‌ಕ್ರೀಂ ಅಂತ ಕಣ್ಣು ನಂಬುವುದು ಬಹುಪಾಲು ಈ ಅಂಚಿನಿಂದ, ನನಗೆ ಇದರಲ್ಲಿ ಸಂಶಯವಿಲ್ಲ.

ದೊಡ್ಡ ಗೀರು ಮತ್ತು ಬುಡದ ಅಂಚನ್ನು ಜೇಡಿಮಣ್ಣಿನಂತೆ ತಿದ್ದಬಹುದಾದ ಸ್ಕಲ್ಪ್ಟ್ ಮೋಡ್‌ನಲ್ಲಿ ಕೈಯಾರೆ ಮಾಡಿದೆ. ಮಧ್ಯಮ ಗುಳಿಗಳಿಗೆ ಒಂದು ದಿಕ್ಕಿಗೆ ಎಳೆದ ನಾಯ್ಸ್ ಟೆಕ್ಸ್‌ಚರ್‌ನಿಂದ (ಅಡ್ಡಾದಿಡ್ಡಿ ವಿನ್ಯಾಸ) ಡಿಸ್‌ಪ್ಲೇಸ್‌ಮೆಂಟ್, ಅಂದರೆ ಮೇಲ್ಮೈಯನ್ನೇ ನಿಜವಾಗಿ ಏರಿಳಿಸುವುದು. ಆಕಾರ ಬದಲಿಸದೆ ಉಬ್ಬುತಗ್ಗಿನ ಭ್ರಮೆ ಮಾತ್ರ ಕೊಡುವ ಬಂಪ್ ಇಲ್ಲಿ ಸಾಲದು. ಒಳಗೆ ಚದುರಿದ ಬೆಳಕು ಬಂಪ್‌ನ ನೆರಳನ್ನೆಲ್ಲ ಅಳಿಸಿಬಿಡುತ್ತದೆ, ಉಳಿಯುವುದು ಹೊಳಪಿನಲ್ಲಿ ಕಾಣುವಷ್ಟು ಮಾತ್ರ. ತೀರ ಸಣ್ಣ ಹರಳಿನ ತರಿಗೆ ಬಂಪ್ ಸಾಕು.

ಆಗಷ್ಟೇ ತೆಗೆದ ಸ್ಕೂಪ್ ಮಂಕಾಗಿರುತ್ತದೆ, ಸ್ವಲ್ಪ ಹೊತ್ತಿಗೆ ಏರುಗಳ ತುದಿ ಒದ್ದೆಯಾಗಿ ಮಿನುಗತೊಡಗುತ್ತದೆ. ಅದಕ್ಕೆ ಜಿಯೋಮೆಟ್ರಿ ನೋಡ್‌ನ ಪಾಯಿಂಟಿನೆಸ್ (ಏರು ಎಲ್ಲಿ, ತಗ್ಗು ಎಲ್ಲಿ ಎಂದು ತಿಳಿಸುವ ಬೆಲೆ) ಅನ್ನು ಬೆಲೆಗಳನ್ನು ಹೊಂದಿಸುವ ಕಲರ್ ರ‍್ಯಾಂಪ್‌ಗೆ ಹಾಯಿಸಿ, ರಫ್‌ನೆಸ್ಸನ್ನು (ಕಡಿಮೆಯಾದಷ್ಟೂ ಹೊಳಪು) 0.55ರಿಂದ 0.15ರವರೆಗೆ ಬದಲಾಗುವಂತೆ ಮಾಡಿದೆ. ಅದರ ಜೊತೆಗೆ ಮೇಲಿನಿಂದ ಕೆಳಗೆ ಒಂದು ಗ್ರೇಡಿಯಂಟ್, ಬುಡದ ಕಡೆ ಒದ್ದೆ ಹೆಚ್ಚಾಗಲಿ ಅಂತ. ಪಾಯಿಂಟಿನೆಸ್ ಬ್ಲೆಂಡರ್‌ನ ಸೈಕಲ್ಸ್ ಎಂಬ ರೆಂಡರ್ ಎಂಜಿನ್‌ನಲ್ಲಿ ಮಾತ್ರ ಸಿಗುತ್ತದೆ, ಅದಕ್ಕೆ ಆಕಾರ ಕಟ್ಟುವ ಬಲೆಯಾದ ಮೆಶ್ ಒತ್ತೊತ್ತಾಗಿಯೂ ಇರಬೇಕು. ಕರಗಿ ಹರಿದ ಹನಿಗೆ ಬೇರೆ ಮೆಟೀರಿಯಲ್: ಗಾಳಿ ಹೋಗಿರುವುದರಿಂದ ಬಣ್ಣ ತುಸು ಗಾಢ, ತರಿಯಿಲ್ಲ, ರಫ್‌ನೆಸ್ 0.1.

ಬೆಳಕಿಗೆ ಹಿಂಬದಿಯ ಓರೆಯಿಂದ ದೊಡ್ಡ ಏರಿಯಾ ಲೈಟ್ (ಹಲಗೆಯಂತೆ ಅಗಲವಾದ ದೀಪ), ಮುಂದೆ ಒಂದು ಬಿಳಿ ಹಲಗೆ. ಎದುರಿನಿಂದ ಬೆಳಕು ಬಿಟ್ಟರೆ ಮಾಡಿದ ಗೀರೆಲ್ಲ ಮಾಯ. ಚಿತ್ರದಲ್ಲಿ ಉಳಿದ ಚುಕ್ಕೆಚುಕ್ಕೆ ಗದ್ದಲವನ್ನು ಅಳಿಸುವ ಡಿನಾಯ್ಸರ್ ಹರಳಿನ ತರಿಯನ್ನೂ ಗದ್ದಲವೆಂದು ಒರೆಸಿಬಿಡುವುದರಿಂದ ಸ್ಯಾಂಪಲ್ (ಪ್ರತಿ ಚುಕ್ಕೆಗೆ ಬೆಳಕನ್ನು ಲೆಕ್ಕಹಾಕುವ ಸಲ) ಧಾರಾಳವಾಗಿ ಏರಿಸಿ, ಮೂಲ ಬಣ್ಣ ತೋರಿಸುವ ಆಲ್ಬಿಡೋ ಮತ್ತು ಮೇಲ್ಮೈಯ ದಿಕ್ಕು ತೋರಿಸುವ ನಾರ್ಮಲ್ ಪಾಸ್ ಎರಡನ್ನೂ ಅದಕ್ಕೆ ಕೊಡಿ.

ಚಾಕೊಲೇಟ್ ಆದರೆ ಒಳಬೆಳಕು ಬಹಳ ಕಡಿಮೆ, ಹೊಳಪೇ ಮುಖ್ಯ. ಗ್ಲಾಸಿನೊಳಗಿನ ಪದರಕ್ಕೆ ಮಾತ್ರ ಈ ಗೀರು ಗುಳಿಗಳು ಬೇಡ: ಗಾಜಿಗೆ ಒತ್ತಿಕೊಂಡ ಐಸ್‌ಕ್ರೀಂ ನಯವಾಗಿ, ಒದ್ದೆಯಾಗಿ ಕಾಣುತ್ತದೆ. ಅಲ್ಲಲ್ಲಿ ಒಂದೆರಡು ಗಾಳಿ ಸಂದು ಬಿಟ್ಟರೆ ಸಾಕು.